ಕೊರಿಯಾದ ಹೊಸ ಆಲ್ಬಂ ಒಂದನ್ನು ಇಡಿಯಾಗಿ ಕೇಳುವ ಬಗೆ

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಕೆ-ಪಾಪ್, ಅಂದರೆ ಕೊರಿಯಾದ ಪಾಪ್ ಸಂಗೀತ, ಕೇಳುವ ಹುಡುಗ ಹುಡುಗಿಯರಿಗೆ ತಂಡಗಳ ಹೆಸರು, ಸದಸ್ಯರ ಹುಟ್ಟುಹಬ್ಬ ಎಲ್ಲವೂ ಬಾಯಿಪಾಠವಾಗಿರುತ್ತವೆ. ಆದರೆ ಯೂಟ್ಯೂಬಿಗೆ ಬಂದ ಟೈಟಲ್ ಹಾಡೊಂದನ್ನೇ (ಪ್ರಚಾರಕ್ಕೆ ಆರಿಸಿದ ಮುಖ್ಯ ಹಾಡು) ನೋಡಿ, ಆಲ್ಬಂನ ಉಳಿದ ಹಾಡುಗಳನ್ನು ಹಾಗೇ ಬಿಟ್ಟುಬಿಡುವವರು ಬಹಳ. ತಂಡದ ನಿಜವಾದ ಕಸುವು ಆ ಉಳಿದ ಹಾಡುಗಳಲ್ಲಿ ಇರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಸಮಯದ ಲೆಕ್ಕ ಹಾಕಿಕೊಳ್ಳಬೇಕು. ಕೊರಿಯಾ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅನೇಕ ಆಲ್ಬಂಗಳು ಅಲ್ಲಿನ ಸಂಜೆ 6ಕ್ಕೆ, ಅಂದರೆ ನಮ್ಮ ಮಧ್ಯಾಹ್ನ 2.30ಕ್ಕೆ ಬಿಡುಗಡೆಯಾಗುತ್ತವೆ. ಅಮೆರಿಕದಲ್ಲಿ ಹಾಡು, ಆಲ್ಬಂಗಳ ಜನಪ್ರಿಯತೆ ಅಳೆಯುವ ಬಿಲ್‌ಬೋರ್ಡ್ ಪಟ್ಟಿಯ ವಾರ ಶುಕ್ರವಾರ ಆರಂಭವಾಗುವುದರಿಂದ, ಅಮೆರಿಕದ ಮೇಲೆ ಕಣ್ಣಿಟ್ಟ ತಂಡಗಳು ಶುಕ್ರವಾರ ಕೊರಿಯಾದ ಮಧ್ಯಾಹ್ನ 1 ಗಂಟೆಯನ್ನು ಆರಿಸಿಕೊಳ್ಳುವುದುಂಟು. ನಮಗದು ಬೆಳಿಗ್ಗೆ 9.30. ಹೊಸಬರು ಎಡವುವುದು ಟೀಸರ್‌ಗಳ ವೇಳಾಪಟ್ಟಿಯಲ್ಲಿ. ಅದರಲ್ಲಿ 12ನೇ ತಾರೀಖು 0 ಗಂಟೆ (ತಾರೀಖು ಬದಲಾಗುವ ನಡುರಾತ್ರಿ) ಎಂದಿದ್ದರೆ, ನಮ್ಮಲ್ಲಿ ಅದು 11ರ ರಾತ್ರಿ 8.30 ಆಗಿರುತ್ತದೆ.

ಬಂದಿರುವುದು ಯಾವ ಬಗೆಯ ಆಲ್ಬಂ ಎಂಬುದನ್ನೂ ನೋಡಿಕೊಳ್ಳಿ. ಸಿಂಗಲ್ ಆಲ್ಬಂನಲ್ಲಿ ಸಾಮಾನ್ಯವಾಗಿ ಎರಡು ಮೂರು ಹಾಡು, ಮಿನಿ ಆಲ್ಬಂನಲ್ಲಿ ಐದರಿಂದ ಏಳು, ಪೂರ್ಣ ಆಲ್ಬಂನಲ್ಲಿ ಹತ್ತರ ಆಸುಪಾಸು ಇರುತ್ತವೆ. ಹಳೆಯ ಆಲ್ಬಂಗೆ ಕೆಲವು ಹೊಸ ಹಾಡು ಸೇರಿಸಿ ಮತ್ತೆ ಹೊರತಂದರೆ ಅದು ರೀಪ್ಯಾಕೇಜ್. ಹಳೆಯದೇ ತಾನೆ ಎಂದು ಇದನ್ನು ಕಡೆಗಣಿಸಬಾರದು: ಎಕ್ಸೋ ತಂಡದ ಮೊದಲ ಪೂರ್ಣ ಆಲ್ಬಂ 2013ರ ಜೂನ್‌ನಲ್ಲಿ ಬಂದಿತಾದರೂ, ತಂಡಕ್ಕೆ ದೊಡ್ಡ ಹೆಸರು ತಂದ ‘ಗ್ರೌಲ್’ ಸೇರಿದ್ದು ಆಗಸ್ಟ್‌ನಲ್ಲಿ ಬಂದ ಅದರ ರೀಪ್ಯಾಕೇಜಿನಲ್ಲಿ.

ಕೇಳುವಾಗ ಶಫಲ್ ಬಂದ್ ಮಾಡಿ, ಕೊಟ್ಟ ಕ್ರಮದಲ್ಲೇ, ಮೊದಲ ಸಲ ವಿಡಿಯೋ ನೋಡದೆ ಕೇಳಿ. ಚಿಗರಿ ಬಸ್ಸು ಹುಬ್ಬಳ್ಳಿಯಿಂದ ಧಾರವಾಡ ಮುಟ್ಟುವಷ್ಟರಲ್ಲಿ ಮಿನಿ ಆಲ್ಬಂ ಒಂದು ಸಾವಕಾಶವಾಗಿ ಮುಗಿಯುತ್ತದೆ. ಎರಡನೆಯ ಸಲ ಸಾಹಿತ್ಯದ ಅನುವಾದವನ್ನು ಮುಂದಿಟ್ಟುಕೊಳ್ಳಿ, ಮೂರನೆಯ ಸಲ ದನಿಗಳನ್ನು ಬೇರ್ಪಡಿಸಿ. ಸೆವೆಂಟೀನ್ ಇದಕ್ಕೆ ಒಳ್ಳೆಯ ಪಾಠ. 2015ರಲ್ಲಿ ಹದಿಮೂರು ಜನರೊಂದಿಗೆ ಆರಂಭವಾದ ಈ ತಂಡದಲ್ಲಿ ಹಿಪ್‌ಹಾಪ್, ಗಾಯನ, ನೃತ್ಯ ಎಂಬ ಮೂರು ಬಣಗಳಿವೆ; ಮೂರು ನಿಮಿಷದ ಟೈಟಲ್ ಹಾಡಿನಲ್ಲಿ ಒಬ್ಬೊಬ್ಬರಿಗೆ ಒಂದೆರಡು ಸಾಲು ಮಾತ್ರ ದಕ್ಕುವುದರಿಂದ ಕಿವಿಗೆ ಯಾರೂ ಸರಿಯಾಗಿ ಸಿಗುವುದಿಲ್ಲ. ಬಣಗಳು ತಾವಷ್ಟೇ ಹಾಡಿದ ಹಾಡುಗಳಲ್ಲಿ ಪ್ರತಿ ದನಿಗೂ ಜಾಗ ದೊರೆತು, ಯಾರು ತಾರಕ್ಕೆ ಏರುತ್ತಾರೆ, ಯಾರ ಉಸಿರು ಸಾಲಿನ ಕೊನೆಯಲ್ಲಿ ಕೇಳಿಸುತ್ತದೆ ಎಂಬುದು ತಿಳಿಯುತ್ತದೆ. ಮಲ್ಲಿಕಾರ್ಜುನ ಮನ್ಸೂರರ, ಬಸವರಾಜ ರಾಜಗುರುಗಳ ಊರಿನವರಿಗೆ ದನಿ ಗುರುತಿಸುವ ಈ ಸುಖವನ್ನು ಹೇಳಿಕೊಡಬೇಕಾಗಿಲ್ಲ. ಹಾಡು ಬರೆದವರು ಯಾರು ಎಂದೂ ನೋಡಿ. ಸೆವೆಂಟೀನ್ ಹಾಡುಗಳಲ್ಲಿ ಅದೇ ತಂಡದ ಗಾಯಕ ವೂಜಿಯ ಹೆಸರು ಮತ್ತೆ ಮತ್ತೆ ಕಾಣಸಿಗುತ್ತದೆ.

ಆಲ್ಬಂ ಕೊಳ್ಳುವುದಾದರೆ ಒಂದೇ ಆವೃತ್ತಿ ಸಾಕು. ಒಂದೇ ಆಲ್ಬಂ ಹಲವು ಆವೃತ್ತಿಗಳಲ್ಲಿ ಬಂದರೂ ಸಾಮಾನ್ಯವಾಗಿ ಹಾಡುಗಳು ಅವೇ. ಬದಲಾಗುವುದು ಹೊದಿಕೆ, ಚಿತ್ರಪುಸ್ತಕ ಮತ್ತು ಫೋಟೋಕಾರ್ಡ್ (ಸದಸ್ಯರ ಚಿತ್ರವಿರುವ ಪುಟ್ಟ ಕಾರ್ಡ್). ಫೋಟೋಕಾರ್ಡ್ ಯಾರದ್ದು ಬರುತ್ತದೆಂದು ಮೊದಲೇ ಗೊತ್ತಾಗದ ಕಾರಣ ಅದಕ್ಕಾಗಿ ನಾಲ್ಕಾರು ಪ್ರತಿ ತರಿಸುವವರಿದ್ದಾರೆ; ವಿದ್ಯಾರ್ಥಿಗಳ ಕೈಖರ್ಚಿಗೆ ಅದು ಹೊರೆ. ಪ್ಲಾಟ್‌ಫಾರ್ಮ್ ಆವೃತ್ತಿ ಅಗ್ಗವಾದರೂ ಅದರಲ್ಲಿ ಸಿಡಿ ಇರುವುದಿಲ್ಲ, ಮೊಬೈಲಿನಿಂದಲೇ ಕೇಳಬೇಕು. ಚಿತ್ರಪುಸ್ತಕ ತೂಕದ ವಸ್ತುವಾದ್ದರಿಂದ ಕೊರಿಯಾದಿಂದ ನೇರವಾಗಿ ತರಿಸಿದರೆ ಸಾಗಣೆ ವೆಚ್ಚ ಹೆಚ್ಚುತ್ತದೆ, ಜೊತೆಗೆ ಕಸ್ಟಮ್ಸ್ ಸುಂಕವೂ ಬೀಳಬಹುದು. ನಾಲ್ಕೈದು ಗೆಳೆಯರು ಸೇರಿ ಗ್ರೂಪ್ ಆರ್ಡರ್ ಮಾಡಿ ಈ ವೆಚ್ಚವನ್ನು ಹಂಚಿಕೊಳ್ಳುವುದು ಒಳ್ಳೆಯದು. ಆದರೆ ಹಣ ಸಂಗ್ರಹಿಸುವವರು ಪರಿಚಿತರೇ ಆಗಿರಲಿ. ಪಾರ್ಸೆಲ್ ಬಂದಾಗ ಟೇಪ್ ಕತ್ತರಿಸುವ ಮೊದಲೇ ವಿಡಿಯೋ ಆರಂಭಿಸಿ, ಕೊನೆಯ ಕಾರ್ಡ್ ಹೊರತೆಗೆಯುವವರೆಗೂ ನಿಲ್ಲಿಸಬೇಡಿ. ಏನಾದರೂ ಕಡಿಮೆ ಬಿದ್ದರೆ ಅಂಗಡಿಯವರು ಮೊದಲು ಕೇಳುವುದು ಆ ವಿಡಿಯೋವನ್ನೇ.