ಕಲಬುರಗಿ ಬಿಸಿಲಿನಲ್ಲಿ ಓವರ್‌ಕ್ಲಾಕ್: ಬೋರ್ಡು, ಕೂಲರ್ ಆರಿಸಿದ ನನ್ನ ಅನುಭವ

ಓವರ್‌ಕ್ಲಾಕ್ (ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವುದು) ಮಾಡಬೇಕು ಅನ್ನುವವರು ಹೆಚ್ಚಾಗಿ ಮೊದಲು ಪ್ರೊಸೆಸರ್ ಆರಿಸುತ್ತಾರೆ. ಮಿಕ್ಕ ದುಡ್ಡಿನಲ್ಲಿ ಮದರ್‌ಬೋರ್ಡು, ಕೊನೆಗೆ ಪ್ರೊಸೆಸರನ್ನು ತಣಿಸುವ ಕೂಲರ್. ನಾನು ಲೆಕ್ಕ ಶುರು ಮಾಡಿದ್ದು ನನ್ನ ಕೋಣೆಯ ಬಿಸಿಯಿಂದ. ನಮ್ಮದು ಕಲಬುರಗಿ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಮಧ್ಯಾಹ್ನ ನನ್ನ ಕೋಣೆಯೊಳಗೆ 38 ಇರುತ್ತದೆ, ಎಸಿ ಇಲ್ಲ. ಗಾಳಿಯ ಕೂಲರ್ ಆಗಲಿ, ನೀರಿನ ಕೂಲರ್ ಆಗಲಿ, ಪ್ರೊಸೆಸರನ್ನು ಕೋಣೆಗಿಂತ ತಣ್ಣಗೆ ಇಡಲಾರದು. ಚಿಪ್ಪಿನ ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುವುದಷ್ಟೇ ಅದರ ಕೆಲಸ. 22 ಡಿಗ್ರಿ ಕೋಣೆಯಲ್ಲಿ ಪರೀಕ್ಷೆ ಮಾಡಿ 75 ಬಂತು ಅಂತ ರಿವ್ಯೂ ಹೇಳಿದರೆ, ಅದೇ ಕೂಲರ್ ನನ್ನ ಕೋಣೆಯಲ್ಲಿ ಹೆಚ್ಚುಕಡಿಮೆ 91 ತೋರಿಸುತ್ತದೆ. ನಮ್ಮ ಕಡೆಯವರು ರಿವ್ಯೂ ಓದುವಾಗ ಕೋಣೆಯ ಡಿಗ್ರಿ ಎಷ್ಟಿತ್ತು ಅಂತ ಮೊದಲು ನೋಡಬೇಕು.

ಬ್ಲೆಂಡರ್ ಎಂಬ ಸಾಫ್ಟ್‌ವೇರಿನಲ್ಲಿ ಮನೆಗಳ ತ್ರೀಡಿ ಚಿತ್ರ ಮಾಡಿಕೊಡುವುದು ನನ್ನ ಕೆಲಸ. ರೆಂಡರ್ (ಕಂಪ್ಯೂಟರ್ ಲೆಕ್ಕ ಹಾಕಿ ಚಿತ್ರ ತಯಾರಿಸುವುದು) ಬೇಗ ಮುಗಿದಷ್ಟೂ ಲಾಭ. ಪ್ರೊಸೆಸರ್ ಇಂಟೆಲ್ ಕೋರ್ ಐ5-12600ಕೆ: ಆರು ದೊಡ್ಡ ಕೋರ್, ನಾಲ್ಕು ಚಿಕ್ಕ ಕೋರ್. ಹೆಸರಿನ ಕೊನೆಯ ಆ 'ಕೆ' ಇದ್ದರೆ ಮಾತ್ರ ವೇಗ ನಿರ್ಧರಿಸುವ ಮಲ್ಟಿಪ್ಲೈಯರ್ ಬಿಚ್ಚಿರುತ್ತದೆ. ಬೋರ್ಡಿನಲ್ಲೂ ಝಡ್ ಸರಣಿಯ ಚಿಪ್‌ಸೆಟ್ (ಬೋರ್ಡನ್ನು ನಡೆಸುವ ಚಿಪ್ಪು) ಬೇಕು. ಬಿ660 ಬೋರ್ಡಿನಲ್ಲಿ ರ‍್ಯಾಮ್ ವೇಗ ಏರಿಸಬಹುದು, ಪ್ರೊಸೆಸರಿನ ಮಲ್ಟಿಪ್ಲೈಯರ್ ಏರಿಸುವುದಕ್ಕೆ ಬರುವುದಿಲ್ಲ. ಎಎಂಡಿಯಲ್ಲಿ ಬಿ ಸರಣಿಯ ಬೋರ್ಡಿನಲ್ಲೂ ಓವರ್‌ಕ್ಲಾಕ್ ಆಗುತ್ತದೆ, ದುಡ್ಡು ಕಡಿಮೆ ಇದ್ದವರಿಗೆ ಅದು ಒಳ್ಳೆಯ ದಾರಿ.

ಬೋರ್ಡು ಆರಿಸುವಾಗ ನಾನು ತಲೆ ಕೆಡಿಸಿಕೊಂಡಿದ್ದು ಒಂದೇ ವಿಷಯಕ್ಕೆ: ವಿಆರ್‌ಎಂ. ಪವರ್ ಸಪ್ಲೈ ಕೊಡುವುದು 12 ವೋಲ್ಟ್. ಪ್ರೊಸೆಸರಿಗೆ ಬೇಕಾದದ್ದು 1.25ರ ಆಸುಪಾಸು. ಈ ಇಳಿಕೆ ಮಾಡುವುದು ಪ್ರೊಸೆಸರ್ ಕೂರುವ ಸಾಕೆಟ್ಟಿನ ಸುತ್ತ ಇರುವ ವಿಆರ್‌ಎಂ. 165 ವ್ಯಾಟ್ ಎಳೆಯುವ ಪ್ರೊಸೆಸರಿಗೆ 1.25 ವೋಲ್ಟಿನಲ್ಲಿ 132 ಆಂಪಿಯರ್ ಹರಿಯಬೇಕು. ಅಷ್ಟೊಂದು ಕರೆಂಟು ವಿಆರ್‌ಎಂನ ಆರು ಪವರ್ ಸ್ಟೇಜುಗಳಲ್ಲಿ (ಕರೆಂಟು ಹಂಚಿಕೊಳ್ಳುವ ಘಟಕಗಳು) ಹಂಚಿಹೋದರೆ ಒಂದೊಂದಕ್ಕೂ 22 ಆಂಪಿಯರ್, ಹನ್ನೆರಡರಲ್ಲಿ ಹಂಚಿಹೋದರೆ 11. ತಂತಿಯಲ್ಲಾಗಲಿ ಸ್ಟೇಜಿನೊಳಗಿನ ಮಾಸ್‌ಫೆಟ್ ಸ್ವಿಚ್ಚಿನಲ್ಲಾಗಲಿ, ಕರೆಂಟು ಅರ್ಧ ಆದರೆ ಹರಿಯುವಾಗ ಹುಟ್ಟುವ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ. ಸ್ಟೇಜು ಜಾಸ್ತಿ ಇರಲಿ ಅನ್ನುವುದು ಇದಕ್ಕೇ. ಕಡಿಮೆ ಸ್ಟೇಜಿನ ಬೋರ್ಡು ಸುಡುವುದೇನೂ ಇಲ್ಲ. ಆದರೆ 38 ಡಿಗ್ರಿ ಕೋಣೆಯಲ್ಲಿ ವಿಆರ್‌ಎಂ ಕಾದಾಗ ಬೋರ್ಡು ತಾನೇ ಪ್ರೊಸೆಸರಿನ ವೇಗ ಇಳಿಸುತ್ತದೆ. ಆಮೇಲೆ ಓವರ್‌ಕ್ಲಾಕ್ ಇದ್ದೂ ಇಲ್ಲದಂತೆ.

ನಾನು ತಗೊಂಡಿದ್ದು ಎಂಎಸ್‌ಐ ಪ್ರೊ ಝಡ್690-ಎ, ಡಿಡಿಆರ್4 ರ‍್ಯಾಮ್ ಹಾಕುವ ಮಾದರಿ. ಪ್ರೊಸೆಸರಿನ ಕೋರ್‌ಗಳಿಗೆ 14 ಸ್ಟೇಜು, ಒಂದೊಂದು 55 ಆಂಪಿಯರ್ ತಡೆಯುವಂಥದ್ದು. ಅವು ಏಳು ಜೋಡಿಯಾಗಿ ಕೆಲಸ ಮಾಡುತ್ತವೆ. ನನ್ನ 132 ಆಂಪಿಯರಿಗೆ ಇದು ಧಾರಾಳ. ಸ್ಟೇಜುಗಳ ಮೇಲೆ ಬಿಸಿ ಹೀರುವ, ಒಳ್ಳೆಯ ತೂಕದ ಅಲ್ಯೂಮಿನಿಯಂ ಹೀಟ್‌ಸಿಂಕ್ ಇದೆ, ಅದನ್ನೂ ನೋಡಿಯೇ ತಗೊಂಡೆ. ಬಣ್ಣಬಣ್ಣದ ದೀಪ, ಮೂರು ನಾಲ್ಕು ಎಂ.2 ಸ್ಲಾಟಿನ (ಎಸ್‌ಎಸ್‌ಡಿ ಕೂರಿಸುವ ಜಾಗ) ಹೆಚ್ಚುಗಾರಿಕೆ ಇವಕ್ಕೆಲ್ಲ ದುಡ್ಡು ಸುರಿಯಬೇಡಿ. ಬೋರ್ಡಿನ ಬೆಲೆ ವಿಆರ್‌ಎಂಗೆ ಹೋಗಿದೆಯೋ ದೀಪಕ್ಕೆ ಹೋಗಿದೆಯೋ ಅಂತ ನೋಡಿ.

ಈಗ ಕೂಲರ್. ಎಲ್ಲರೂ 360 ಎಂಎಂ ರೇಡಿಯೇಟರಿನ ನೀರಿನ ಕೂಲರ್ ಹಾಕು ಅಂದರು. ಪ್ರೊಸೆಸರ್ ಒಂದನ್ನೇ ನೋಡಿದರೆ ಅದು ಚೆನ್ನಾಗಿಯೇ ತಣಿಸುತ್ತದೆ, ಸುಳ್ಳಲ್ಲ. ಆದರೆ ಅದರ ಫ್ಯಾನುಗಳೆಲ್ಲ ಕ್ಯಾಬಿನೆಟ್ಟಿನ ಅಂಚಿನಲ್ಲಿರುತ್ತವೆ. ಸಾಕೆಟ್ಟಿನ ಹತ್ತಿರ ಗಾಳಿ ಓಡಾಡುವುದಿಲ್ಲ, ವಿಆರ್‌ಎಂ ಸುಮ್ನೆ ಕಾಯುತ್ತಾ ಕೂರುತ್ತದೆ. ಟವರ್ ಆಕಾರದ ಗಾಳಿಯ ಕೂಲರಿನ ಫ್ಯಾನು ಪ್ರೊಸೆಸರಿನ ಜೊತೆಗೆ ಸುತ್ತಲಿನ ಹೀಟ್‌ಸಿಂಕ್ ಮೇಲೂ ಗಾಳಿ ಬೀಸುತ್ತದೆ. ಬೋರ್ಡು, ಕೂಲರ್ ಎರಡನ್ನೂ ಜೊತೆಗೆ ಆರಿಸಬೇಕು ಅಂತ ನಾನು ಹೇಳುವುದು ಇದಕ್ಕೇ. ಇನ್ನೊಂದು ಕಾರಣ ನಮ್ಮ ಊರಿನದು. ನೀರಿನ ಕೂಲರಿನ ಪಂಪು ಕೆಟ್ಟರೆ ಇಡೀ ಕೂಲರನ್ನೇ ಹೈದರಾಬಾದಿಗೋ ಬೆಂಗಳೂರಿಗೋ ಕಳಿಸಿ ಕಾಯಬೇಕು, ಅಲ್ಲಿಯವರೆಗೆ ಕೆಲಸ ಬಂದ್. ಗಾಳಿಯ ಕೂಲರಿನಲ್ಲಿ ಕೆಡುವುದು ಫ್ಯಾನು ಮಾತ್ರ, 120 ಎಂಎಂ ಫ್ಯಾನು ಇಲ್ಲೇ ಅಂಗಡಿಯಲ್ಲಿ ಸಿಗುತ್ತದೆ.

ಹಾಗಾಗಿ ಡೀಪ್‌ಕೂಲ್ ಎಕೆ620 ಹಾಕಿದೆ. ಎರಡು ಟವರ್, ಆರು ಹೀಟ್‌ಪೈಪ್, ಎರಡು ಫ್ಯಾನು. ಎತ್ತರ 160 ಎಂಎಂ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಮುಚ್ಚುತ್ತದೋ ಇಲ್ಲವೋ ಮೊದಲೇ ಅಳತೆ ನೋಡಿಕೊಳ್ಳಿ. ರ‍್ಯಾಮ್ ಕೂಡ ಗಿಡ್ಡದ್ದೇ ತಗೊಂಡೆ, ಎತ್ತರದ್ದಾದರೆ ಮುಂದಿನ ಫ್ಯಾನಿಗೆ ತಾಗುತ್ತದೆ. ಕ್ಯಾಬಿನೆಟ್ಟಿನ ಮುಂಭಾಗ ಜಾಲರಿಯದ್ದು. ಒಳಗೆ ಗಾಳಿ ಎಳೆಯುವ ಫ್ಯಾನು ಮೂರು, ಹೊರಗೆ ತಳ್ಳುವುದು ಒಂದು. ಒಳಗೆ ಒತ್ತಡ ಜಾಸ್ತಿ ಇದ್ದರೆ ಸಂದುಗಳಿಂದ ಧೂಳು ನುಗ್ಗುವುದಿಲ್ಲ, ಬರುವುದೆಲ್ಲ ಫಿಲ್ಟರ್ ಮೂಲಕವೇ. ಬೇಸಿಗೆಯಲ್ಲಿ ಆ ಫಿಲ್ಟರ್ ತೆಗೆದು ನೋಡಿದರೆ ನಮ್ಮೂರ ಧೂಳು ಎಂಥದ್ದು ಅಂತ ಗೊತ್ತಾಗುತ್ತದೆ.

ಟ್ಯೂನಿಂಗ್ ಬಗ್ಗೆ ಒಂದು ಲೆಕ್ಕ. ಪ್ರೊಸೆಸರ್ ಉಗುಳುವ ಬಿಸಿ ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ವರ್ಗದಲ್ಲಿ (ವೋಲ್ಟೇಜನ್ನು ಅದರಿಂದಲೇ ಗುಣಿಸಿದಷ್ಟು) ಏರುತ್ತದೆ. ದೊಡ್ಡ ಕೋರ್‌ಗಳು ಎಲ್ಲಾ ಒಟ್ಟಿಗೆ ದುಡಿಯುವಾಗ ಕಂಪನಿಯ ವೇಗ 4.5 ಗಿಗಾಹರ್ಟ್ಸ್. ಆಗ ನನ್ನ ಚಿಪ್ಪಿಗೆ 1.15 ವೋಲ್ಟ್ ಸಾಕಾಗುತ್ತಿತ್ತು. 5.0ಕ್ಕೆ 1.25 ಬೇಕಾಯಿತು. ಗುಣಿಸಿ ನೋಡಿ: ವೇಗ ಶೇ. 11 ಜಾಸ್ತಿ, ಬಿಸಿ ಶೇ. 31 ಜಾಸ್ತಿ. 5.2ಕ್ಕೆ ಹೋಗುವ ಆಸೆ ನನಗೂ ಇತ್ತು. ಈ ಲೆಕ್ಕ ನೋಡಿದ ಮೇಲೆ ಬೇಡ ಅನಿಸಿತು.

ವೋಲ್ಟೇಜನ್ನು ಬೋರ್ಡಿನ ಆಟೋಗೆ ಬಿಡಲಿಲ್ಲ. ಆಟೋ ಯಾವಾಗಲೂ ಒಂದಿಷ್ಟು ಜಾಸ್ತಿಯೇ ಕೊಡುತ್ತದೆ. ಭಾರ ಬಿದ್ದಾಗ ವೋಲ್ಟೇಜ್ ಸ್ವಲ್ಪ ಕುಸಿಯುವುದು ಸಹಜ. ಲೋಡ್‌ಲೈನ್ ಕ್ಯಾಲಿಬ್ರೇಶನ್ ಅದನ್ನು ಎತ್ತಿ ಹಿಡಿಯುತ್ತದೆ. ಅದನ್ನು ಮಧ್ಯದ ಹಂತದಲ್ಲೇ ಇಟ್ಟೆ. ತೀರಾ ಗಟ್ಟಿಯಾಗಿ ಇಟ್ಟರೆ ಭಾರ ಇಳಿದ ಕ್ಷಣದಲ್ಲಿ ವೋಲ್ಟೇಜ್ ಮೇಲಕ್ಕೆ ಜಿಗಿಯುತ್ತದೆ, ಚಿಪ್ಪಿಗೆ ಅದು ಒಳ್ಳೆಯದಲ್ಲ.

ಪರೀಕ್ಷೆಯನ್ನು ಬೇಕೆಂದೇ ಮೇ ತಿಂಗಳ ಮಧ್ಯಾಹ್ನ, ಕ್ಯಾಬಿನೆಟ್ ಬಾಗಿಲು ಮುಚ್ಚಿಯೇ ಮಾಡಿದೆ. ಸಿನೆಬೆಂಚ್ ಆರ್23 ಎಂಬ ಪರೀಕ್ಷೆಯ ಹತ್ತು ನಿಮಿಷ ನನಗೆ ಸಾಲದು, ಕ್ಯಾಬಿನೆಟ್ ಒಳಗೆಲ್ಲ ಪೂರ್ತಿ ಕಾಯುವುದಕ್ಕೆ ಅರ್ಧ ಗಂಟೆಯಾದರೂ ಬೇಕು. ಕೊನೆಗೆ ಬ್ಲೆಂಡರ್‌ನ ನಿಜವಾದ ರೆಂಡರ್ ರಾತ್ರಿಯಿಡೀ ಓಡಿಸಿದೆ. ಎಚ್‌ಡಬ್ಲ್ಯುಇನ್ಫೋ ಎಂಬ ಸಾಫ್ಟ್‌ವೇರ್ ತೆರೆದಿಟ್ಟು ಡಿಗ್ರಿಯ ಜೊತೆಗೆ ವೀಆ (WHEA) ಎರರ್, ಅಂದರೆ ವಿಂಡೋಸ್ ದಾಖಲಿಸುವ ಹಾರ್ಡ್‌ವೇರ್ ತಪ್ಪುಗಳ ಎಣಿಕೆಯನ್ನೂ ನೋಡುತ್ತಿದ್ದೆ. ಕಂಪ್ಯೂಟರ್ ನಿಂತುಹೋಗದಿದ್ದರೂ ಆ ಎಣಿಕೆ ಏರುತ್ತಿದ್ದರೆ ವೋಲ್ಟೇಜ್ ಸಾಲುತ್ತಿಲ್ಲ ಅಂತಲೇ ಅರ್ಥ. ನನಗೆ ಬಂದದ್ದು ಪ್ರೊಸೆಸರ್ 89, ವಿಆರ್‌ಎಂ 74 ಡಿಗ್ರಿ. ಈ ಚಿಪ್ಪು ತಾನಾಗಿ ವೇಗ ಇಳಿಸಿಕೊಳ್ಳುವುದು 100ಕ್ಕೆ.

ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್‌ಗಳಲ್ಲಿ) ಈಗ ಎರಡು ಪ್ರೊಫೈಲ್ ಇಟ್ಟಿದ್ದೇನೆ. ಮಾರ್ಚ್‌ನಿಂದ ಮಳೆ ಬರುವವರೆಗೆ 4.9, ಉಳಿದಂತೆ 5.0. ಬೇಸಿಗೆಯ ಪ್ರೊಫೈಲ್‌ನಲ್ಲಿ ಫ್ಯಾನಿನ ಸದ್ದೂ ಕಡಿಮೆ, ರೆಂಡರಿನಲ್ಲಿ ಆಗುವ ವ್ಯತ್ಯಾಸ ಗಂಟೆಗೆ ಒಂದೋ ಎರಡೋ ನಿಮಿಷ ಅಷ್ಟೇ.