ಫಾಸ್ ಗ್ರಾಹಕದಿಂದ ಡಿಸ್ಕ್ ಇಳಿಸುವ ಕೆಲಸ: ನನ್ನ ಅನುಭವ

ಫಾಸ್ (ಸಿಡಿ95) ಎಂಬುದು ಕೋಶಕ್ಕೆ ಸಾಯುವ ಸೂಚನೆ ಕೊಡುವ, ಪೊರೆಯ ಮೇಲಿನ ಗ್ರಾಹಕ. ಅದು ಚುರುಕಾದಾಗ ಅದರ ಒಳತುದಿಗೆ ಫ್ಯಾಡ್ ಎಂಬ ಜೋಡಕ ಪ್ರೋಟೀನು ಅಂಟುತ್ತದೆ, ಫ್ಯಾಡ್‌ಗೆ ಕ್ಯಾಸ್ಪೇಸ್-8 ಎಂಬ, ಪ್ರೋಟೀನು ಕತ್ತರಿಸುವ ಕಿಣ್ವ ಅಂಟುತ್ತದೆ. ಈ ಜೋಡಣೆಯೇ ಡಿಸ್ಕ್ (ಸಾವಿನ ಸಂಕೇತ ಹೊರಡಿಸುವ ಜೋಡಣೆ). ಪ್ರತಿಕಾಯದಿಂದ ಫಾಸನ್ನು ಹಿಡಿದು, ಅದಕ್ಕೆ ಅಂಟಿದ್ದನ್ನೆಲ್ಲ ಲೈಸೇಟಿನಿಂದ (ಒಡೆದ ಕೋಶಗಳ ದ್ರವದಿಂದ) ಬೇರ್ಪಡಿಸುವುದೇ ಡಿಸ್ಕ್ ಇಳಿಸುವುದು. 1995ರಲ್ಲಿ ಹೈಡಲ್‌ಬರ್ಗ್‌ನ ಪೀಟರ್ ಕ್ರಾಮರ್ ಗುಂಪು ಇದನ್ನು ಮೊದಲು ತೋರಿಸಿತು. ನಾನು ಮಾಡುವ ವಿಧಾನದ ಬುಡವೂ ಅಲ್ಲಿಯದೇ.

ಪ್ರೋಟೀನಿನ ರಚನೆ ಗೊತ್ತಿದ್ದರೆ ಪ್ರಯೋಗದಲ್ಲಿ ಅರ್ಧ ತಪ್ಪು ತಾನಾಗಿ ತಪ್ಪುತ್ತದೆ. ಮಾನವ ಫಾಸ್‌ನಲ್ಲಿ 335 ಅಮೈನೋ ಆಮ್ಲಗಳಿವೆ. ಮೊದಲ 25 ಸಂಕೇತ ಭಾಗ, ಪ್ರೋಟೀನು ಪೊರೆ ಸೇರುವಾಗ ಕತ್ತರಿಸಿಹೋಗುತ್ತದೆ. ಹೊರಭಾಗದಲ್ಲಿ ಸಿಸ್ಟೀನ್ ಹೆಚ್ಚಿರುವ 3 ತುಂಡುಗಳು, ಆಮೇಲೆ ಪೊರೆ ದಾಟುವ ಒಂದೇ ಒಂದು ಹೆಲಿಕ್ಸ್, ಒಳಗೆ ಫ್ಯಾಡ್ ಹಿಡಿದುಕೊಳ್ಳುವ, ಸುಮಾರು 85 ಅಮೈನೋ ಆಮ್ಲಗಳ ಡೆತ್ ಡೊಮೈನ್. ಅದರಲ್ಲಿ 6 ಹೆಲಿಕ್ಸ್‌ಗಳು ಒತ್ತಾಗಿ ಮಡಚಿಕೊಂಡಿವೆ. ಈ ಗ್ರಾಹಕಕ್ಕೆ ತನ್ನದೇ ಕಿಣ್ವಶಕ್ತಿ ಏನೂ ಇಲ್ಲ, ಒಟ್ಟುಗೂಡುವುದೇ ಅದರ ಕೆಲಸ. ಹೊರಭಾಗದ ಮೊದಲ ತುಂಡಿನಿಂದ ಮೂರು ಫಾಸ್‌ಗಳು ಮುಂಚೆಯೇ ಕೂಡಿಕೊಂಡಿರುತ್ತವೆ. ಹಾಗಾಗಿ ಒಂದು ಜೀನ್ ಪ್ರತಿಯ ಡೆತ್ ಡೊಮೈನ್‌ನಲ್ಲಿ ದೋಷವಿದ್ದರೂ, ಎರಡೂ ಪ್ರತಿಗಳಿಂದ ಸಮನಾಗಿ ಪ್ರೋಟೀನು ಬಂದರೆ, ಪೂರ್ತಿ ಸರಿಯಿರುವ ಮೂವರ ಗುಂಪು 8ರಲ್ಲಿ 1 ಮಾತ್ರ. ಆಲ್ಪ್ಸ್ ಎಂಬ ರೋಗನಿರೋಧಕ ವ್ಯವಸ್ಥೆಯ ಕಾಯಿಲೆ ಒಂದೇ ದೋಷಪೂರಿತ ಪ್ರತಿಯಿಂದ ಬರಬಲ್ಲದು ಎನ್ನುವುದಕ್ಕೆ ಇದು ಮುಖ್ಯ ಕಾರಣ.

ಕೋಶದ ಆಯ್ಕೆಯಲ್ಲಿ ಎಡವುವವರೇ ಹೆಚ್ಚು. ಜುರ್ಕಟ್ ಎಂಬ ಟಿ-ಕೋಶದ ತಳಿ ಫಾಸ್‌ಗೆ ಚೆನ್ನಾಗಿ ಸಾಯುತ್ತದೆ ನಿಜ, ಆದರೆ ಅದು ಎರಡನೇ ಬಗೆಯ ಕೋಶ: ಡಿಸ್ಕ್ ತೀರಾ ಕಡಿಮೆ, ಸಾವು ಮೈಟೊಕಾಂಡ್ರಿಯಾದ ಮೂಲಕ ಹೆಚ್ಚುತ್ತದೆ. ಡಿಸ್ಕ್ ನೋಡಲು ಎಸ್‌ಕೆಡಬ್ಲ್ಯೂ6.4 ಎಂಬ ಬಿ-ಕೋಶದ ತಳಿ ಮೇಲು. ಜೆಲ್‌ನ ಪ್ರತಿ ಲೇನಿಗೆ (ಒಂದು ಮಾದರಿ ಓಡುವ ಸಾಲಿಗೆ) 5 ಕೋಟಿ ಕೋಶ ಬೇಕು, ಅವುಗಳಲ್ಲಿ ಶೇ. 95ಕ್ಕಿಂತ ಹೆಚ್ಚು ಬದುಕಿರಬೇಕು. ಸತ್ತ ಕೋಶಗಳಿದ್ದರೆ ಕ್ಯಾಸ್ಪೇಸ್ ಮೊದಲೇ ತುಂಡಾಗಿರುತ್ತದೆ.

ಕೋಶಗಳನ್ನು ಮಿಲಿಗೆ 1 ಕೋಟಿಯಂತೆ 5 ಮಿಲಿ ಮಾಧ್ಯಮಕ್ಕೆ ಇಳಿಸಿ, 37 ಡಿಗ್ರಿಗೆ ಬಿಸಿಯಾದ ಮೇಲೆ ಆ್ಯಂಟಿ-ಎಪಿಒ-1 ಪ್ರತಿಕಾಯವನ್ನು (ಎಪಿಒ-1 ಫಾಸ್‌ನದೇ ಇನ್ನೊಂದು ಹೆಸರು) ಮಿಲಿಗೆ 1 ಮೈಕ್ರೋಗ್ರಾಂ ಹಾಕಿ 5 ನಿಮಿಷ ಇಡುತ್ತೇನೆ. ಈ ಪ್ರತಿಕಾಯ ಐಜಿಜಿ3 ವರ್ಗದ್ದು, ತನ್ನಷ್ಟಕ್ಕೆ ಗುಂಪುಗೂಡುವುದರಿಂದ ಬೇರೆ ಜೋಡಕ ಬೇಡ. ಹೆಚ್ಚು ಹೊತ್ತು ಬಿಟ್ಟರೆ ಡಿಸ್ಕ್ ಹೆಚ್ಚಾಗುತ್ತದೆ ಅನ್ನಿಸಬಹುದು. ಹಾಗಾಗದು. ಕ್ಯಾಸ್ಪೇಸ್-8 ಪಕ್ವವಾಗಿ ಬಿಟ್ಟುಹೋಗುತ್ತದೆ, ಗ್ರಾಹಕವೂ ಒಳಸೇರತೊಡಗುತ್ತದೆ. ಸಮಯವಾದ ತಕ್ಷಣ ಐಸ್‌ನಲ್ಲಿಟ್ಟ ಪಿಬಿಎಸ್ (ಉಪ್ಪುನೀರಿನ ಬಫರ್) ಧಾರಾಳವಾಗಿ ಸುರಿದು ನಿಲ್ಲಿಸಬೇಕು.

ಲೈಸಿಸ್ ಬಫರ್ (ಕೋಶ ಒಡೆಯುವ ದ್ರಾವಣ): 20 ಮಿಲಿಮೋಲಾರ್ ಟ್ರಿಸ್ (ಪಿಎಚ್ 7.4), 150 ಮಿಲಿಮೋಲಾರ್ ಉಪ್ಪು, 2 ಮಿಲಿಮೋಲಾರ್ ಇಡಿಟಿಎ, ಶೇ. 10 ಗ್ಲಿಸರಾಲ್, ಶೇ. 1 ಟ್ರೈಟನ್ ಎಕ್ಸ್-100. ಪ್ರೋಟೀನು ಕತ್ತರಿಸುವ ಕಿಣ್ವಗಳನ್ನು ತಡೆಯುವ ಪಿಎಂಎಸ್‌ಎಫ್ 1 ಮಿಲಿಮೋಲಾರ್, ಅದನ್ನು ಬಳಸುವ ಹೊತ್ತಿಗೇ ಸೇರಿಸಿ, ನೀರಿನಲ್ಲಿ ಬೇಗ ಹಾಳಾಗುತ್ತದೆ. ಎಸ್‌ಡಿಎಸ್ ಎಂಬ ಕಟು ಮಾರ್ಜಕವಿರುವ ರಿಪಾ ಬಫರ್ ಬೇಡವೇ ಬೇಡ. ಡೆತ್ ಡೊಮೈನ್‌ಗಳ ನಡುವಿನ ಹಿಡಿತದಲ್ಲಿ ವಿದ್ಯುದಾವೇಶದ ಪಾಲು ದೊಡ್ಡದು, ಎಸ್‌ಡಿಎಸ್ ಅದನ್ನು ಸಡಿಲಿಸುತ್ತದೆ. ಪಿಎಚ್ ಬಗ್ಗೆಯೂ ಅಸಡ್ಡೆ ಸಲ್ಲದು: 2009ರಲ್ಲಿ ಆಮ್ಲೀಯ ದ್ರಾವಣದಲ್ಲಿ ಬೆಳೆಸಿದ ಹರಳಿನಲ್ಲಿ ಫಾಸ್‌ನ ಡೆತ್ ಡೊಮೈನ್ ಬಿಚ್ಚಿಕೊಂಡಂತೆ ಕಂಡಿತ್ತು. 2010ರಲ್ಲಿ ತಟಸ್ಥ ಪಿಎಚ್‌ನಲ್ಲಿ ನೋಡಿದಾಗ 5 ಫ್ಯಾಡ್‌ಗೆ 5ರಿಂದ 7 ಫಾಸ್ ಸೇರಿದ ಜೋಡಣೆ ಸಿಕ್ಕಿತು. ನಾನು ನಂಬುವುದು ಎರಡನೆಯದನ್ನು.

ಕೋಶಗಳನ್ನು ಈ ಬಫರಿನಲ್ಲಿ ಐಸ್ ಮೇಲೆ 20 ನಿಮಿಷ ಇಟ್ಟು, 4 ಡಿಗ್ರಿಯಲ್ಲಿ 15,000 ಜಿ ವೇಗಕ್ಕೆ 15 ನಿಮಿಷ ತಿರುಗಿಸಿ, ಮೇಲಿನ ದ್ರವಕ್ಕೆ ಪ್ರತಿಕಾಯವನ್ನು ಹಿಡಿಯುವ ಪ್ರೋಟೀನ್-ಎ ಬೀಡ್ 30 ಮೈಕ್ರೋಲೀಟರ್ ಹಾಕಿ ರಾತ್ರಿಯಿಡೀ ತಣ್ಣಗೆ ಉರುಳಿಸುವುದು. ಮರುದಿನ ಅದೇ ಬಫರಿನಲ್ಲಿ 5 ಸಲ ತೊಳೆದು ಶೇ. 12ರ ಜೆಲ್‌ಗೆ.

ಹೋಲಿಕೆಯ ಲೇನು ಯಾವುದು ಎನ್ನುವುದರಲ್ಲೇ ಪ್ರಯೋಗದ ಬೆಲೆ ಇದೆ. ಪ್ರತಿಕಾಯವೇ ಹಾಕದ ಕೋಶ ಹೋಲಿಕೆಗೆ ಬಾರದು, ಅದರಲ್ಲಿ ಫಾಸೇ ಇಳಿದಿರುವುದಿಲ್ಲ. ಪ್ರಚೋದಿಸದ ಕೋಶಗಳನ್ನು ಮೊದಲು ಒಡೆದು, ಆಮೇಲೆ ಲೈಸೇಟಿಗೆ ಅಷ್ಟೇ ಪ್ರತಿಕಾಯ ಸೇರಿಸಿ. ಎರಡೂ ಲೇನಿನಲ್ಲಿ ಫಾಸ್ ಸಮನಾಗಿರಬೇಕು, ಫ್ಯಾಡ್ ಮತ್ತು ಕ್ಯಾಸ್ಪೇಸ್-8 ಪ್ರಚೋದಿಸಿದ ಲೇನಿನಲ್ಲಷ್ಟೇ ಬರಬೇಕು.

ಬ್ಲಾಟ್‌ನಲ್ಲಿ (ಜೆಲ್‌ನ ಪ್ರೋಟೀನುಗಳನ್ನು ಹಾಳೆಗೆ ವರ್ಗಾಯಿಸಿ ಪ್ರತಿಕಾಯಗಳಿಂದ ಗುರುತಿಸುವಾಗ) ಕಾಡುವುದು ಇಳಿಸಲು ಬಳಸಿದ ಪ್ರತಿಕಾಯದ ಸರಪಳಿಗಳು. ಭಾರಿ ಸರಪಳಿ 50 ಕಿಲೋಡಾಲ್ಟನ್ ಆಸುಪಾಸು ಬಂದು ಕ್ಯಾಸ್ಪೇಸ್-8ರ 55 ಮತ್ತು 53ರ ಪಟ್ಟಿಗಳನ್ನು ಮುಚ್ಚುತ್ತದೆ. ಹಗುರ ಸರಪಳಿ 25ರಲ್ಲಿ, ಫ್ಯಾಡ್ 28ರಲ್ಲಿ. ಕ್ಯಾಸ್ಪೇಸ್-8ಕ್ಕೆ ಐಜಿಜಿ2ಬಿ ವರ್ಗದ ಸಿ15, ಫ್ಯಾಡ್‌ಗೆ ಐಜಿಜಿ1 ವರ್ಗದ ಪ್ರತಿಕಾಯ ತೆಗೆದುಕೊಂಡು, ಆಯಾ ವರ್ಗವನ್ನಷ್ಟೇ ಗುರುತಿಸುವ ಎರಡನೇ ಪ್ರತಿಕಾಯ ಬಳಸಿದರೆ ಐಜಿಜಿ3 ಕಾಣುವುದೇ ಇಲ್ಲ. ಎಲ್ಲ ಇಲಿ ಪ್ರತಿಕಾಯಗಳನ್ನೂ ಹಿಡಿಯುವ ಸಾಮಾನ್ಯ ದ್ವಿತೀಯಕ ಹಾಕಿದರೆ ಇಡೀ ಬ್ಲಾಟ್ ಕಪ್ಪು.

43 ಮತ್ತು 41ರಲ್ಲಿ ಪಟ್ಟಿ ಕಂಡರೆ ಕ್ಯಾಸ್ಪೇಸ್‌ಗೆ ಮೊದಲ ಕತ್ತರಿ ಬಿದ್ದಿದೆ ಎಂದರ್ಥ. ಫ್ಯಾಡ್ ಇದ್ದು ಕ್ಯಾಸ್ಪೇಸ್-8 ಇಲ್ಲದಿದ್ದರೆ ಮೊದಲು ಒಟ್ಟು ಲೈಸೇಟ್ ಓಡಿಸಿ ನೋಡಿ, ಆ ಕೋಶದಲ್ಲಿ ಕ್ಯಾಸ್ಪೇಸ್-8 ಇದೆಯೇ ಇಲ್ಲವೇ ತಿಳಿಯುತ್ತದೆ. ಎರಡೂ ಇಲ್ಲದೆ ಫಾಸ್ ಮಾತ್ರ ಬಂದರೆ ಪ್ರಚೋದಿಸುವಾಗ ಮಾಧ್ಯಮ ತಣ್ಣಗಿತ್ತೇ ಎಂದು ಪರೀಕ್ಷಿಸಿ, ಆಮೇಲೆ ಬಫರ್ ಶಂಕಿಸಿ.