8 ಜಿಬಿ ರ‍್ಯಾಮ್ ಇದ್ದರೂ 2 ಜಿಬಿ ಮಾತ್ರ ಸಿಗುತ್ತಿತ್ತು: ನಾನು ಸರಿಮಾಡಿದ ರೀತಿ

ಶಿರಸಿಯಲ್ಲಿ ಭಾವನ ಅಡಿಕೆ ಮಂಡಿಯ ಲೆಕ್ಕದ ಕಂಪ್ಯೂಟರ್. ವಿಂಡೋಸ್ 10, 64 ಬಿಟ್. ಎಕ್ಸೆಲ್ ಜೊತೆ ಬ್ರೌಸರ್ ತೆಗೆದರೆ ಸಾಕು, ಮೌಸ್ ಕೂಡ ಅಲ್ಲಾಡುತ್ತಿರಲಿಲ್ಲ. ಸಿಸ್ಟಮ್ ಪುಟದಲ್ಲಿ ರ‍್ಯಾಮ್ (ಕೆಲಸ ನಡೆಯುವಾಗ ಕಂಪ್ಯೂಟರ್ ಬಳಸುವ ಮೆಮೊರಿ) 8 ಜಿಬಿ ಅಂತಿತ್ತು, ಪಕ್ಕದಲ್ಲೇ ಬಳಕೆಗೆ ಸಿಗುವುದು 2 ಜಿಬಿ ಅಂತ.

ಮಳೆಗಾಲದ ತಂಡಿಗೆ ರ‍್ಯಾಮ್ ಪಿನ್ನು ಕಪ್ಪಾಗಿರಬೇಕು ಅಂತ ತೆಗೆದು ರಬ್ಬರಿನಿಂದ ಉಜ್ಜಿದೆ. ಸ್ಲಾಟ್ ಬದಲಿಸಿದೆ. ವೈರಸ್ ಸ್ಕ್ಯಾನ್ ಮಾಡಿದೆ, ಪೇಜಿಂಗ್ ಫೈಲ್ (ರ‍್ಯಾಮ್ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಹೆಚ್ಚಿಸಿದೆ. ಏನೂ ಆಗಲಿಲ್ಲ.

ದಾರಿ ಸಿಕ್ಕಿದ್ದು ಟಾಸ್ಕ್ ಮ್ಯಾನೇಜರ್‌ನಲ್ಲಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ನೋಡಿ. ಕೆಳಗೆ ಸಣ್ಣ ಅಕ್ಷರದಲ್ಲಿ 'ಹಾರ್ಡ್‌ವೇರ್ ರಿಸರ್ವ್ಡ್' ಅಂತ ಇರುತ್ತದೆ, ಅಂದರೆ ವಿಂಡೋಸ್ ಬಳಕೆಗೆ ಸಿಗದ ಪಾಲು. ನಮ್ಮದರಲ್ಲಿ ಅದು ಸುಮಾರು 6 ಜಿಬಿ! ಗ್ರಾಫಿಕ್ಸ್‌ಗೆ ಸ್ವಲ್ಪ ಹೋಗುವುದು ಮಾಮೂಲು, ಇಷ್ಟು ಅಲ್ಲ.

ಈಗ ಮುಖ್ಯ ಹೆಜ್ಜೆ. ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಬರುವ ರನ್ ಪೆಟ್ಟಿಗೆಯಲ್ಲಿ ಎಂ, ಎಸ್ ಆಮೇಲೆ ಕಾನ್ಫಿಗ್, ಎಲ್ಲ ಸೇರಿಸಿ ಒಂದೇ ಪದವಾಗಿ (msconfig) ಬರೆದು ಎಂಟರ್ ಕೊಡಿ. ಬೂಟ್ ಟ್ಯಾಬ್, ಅಲ್ಲಿಂದ ಅಡ್ವಾನ್ಸ್ಡ್ ಆಪ್ಷನ್ಸ್. 'ಮ್ಯಾಕ್ಸಿಮಮ್ ಮೆಮೊರಿ' ಎದುರು ಟಿಕ್ ಇದ್ದು 2048 (ಎಂಬಿ ಲೆಕ್ಕ, ಅಂದರೆ 2 ಜಿಬಿ) ಅಂತ ತುಂಬಿತ್ತು. ವೇಗ ಹೆಚ್ಚುತ್ತದೆ ಅಂತ ಯಾರೋ ಹಾಕಿದ್ದಿರಬೇಕು, ನಿಜಕ್ಕೂ ಅದು ಮಿತಿ ಹಾಕುವ ಜಾಗ. ಅಲ್ಲಿ 8192 ಅಂತ ಬರೆಯಲು ಹೋಗಬೇಡಿ, ಹಾಗೆ ಮಾಡಿದರೂ ಪೂರ್ತಿ ಸಿಗದೇ ಇರಬಹುದು. ಸುಮ್ನೆ ಟಿಕ್ ತೆಗೆಯಿರಿ. ಓಕೆ, ಅಪ್ಲೈ, ಆಮೇಲೆ ರೀಸ್ಟಾರ್ಟ್.

ಈಗ 7.9 ಜಿಬಿ ಸಿಗುತ್ತಿದೆ. ಟಿಕ್ ಇಲ್ಲದೆಯೂ ನಿಮಗೆ ಕಮ್ಮಿಯೇ ಸಿಕ್ಕರೆ ಬಯೋಸ್ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಪುಟ) ನೋಡಿ, ಅಲ್ಲೇ ರ‍್ಯಾಮ್ ಕಮ್ಮಿ ತೋರಿಸಿದರೆ ತೊಂದರೆ ಸ್ಲಾಟಿನದ್ದೋ ರ‍್ಯಾಮಿನದ್ದೋ ಇರಬೇಕು.